ದೋಸೆ ಹಿಟ್ಟಿನ ಜಾಗದಲ್ಲಿ ಬಿಯರ್ ಇಟ್ಟರೆ

ಪ್ರಶ್ನೆ: ಸರ್, ನಾನು ನೀರ್ಚಾಲಿನವನು. ಕೆಲಸದ ಮೇಲೆ ಮೂರು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಸ್ವಂತಕ್ಕೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಕಳೆದ ಡಿಸೆಂಬರಿನಲ್ಲಿ 20 ಲೀಟರ್ ಪೇಲ್ ಏಲ್, ಅಂದರೆ ತಿಳಿ ಬಣ್ಣದ ಬಿಯರ್ ಮಾಡಿದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್, ಸಿಟ್ರಾ ತಳಿಯದ್ದು, 50 ಗ್ರಾಂ ಅಷ್ಟನ್ನೂ ಬಾರ್ಲಿ ಮಾಲ್ಟಿನ ರಸ ಕುದಿ ಬಂದ ಕೂಡಲೇ ಹಾಕಿ ಒಂದು ಗಂಟೆ ಕುದಿಸಿದೆ. ಯೀಸ್ಟ್ ಎಸ್-04. ಚಳಿಗೆ ಯೀಸ್ಟ್ ಏಳಲಿಕ್ಕಿಲ್ಲ ಎಂದು ಬಕೆಟನ್ನು ಹೀಟರಿನ ಪಕ್ಕ ಇಟ್ಟೆ. ಮಳೆಗಾಲದಲ್ಲಿ ಅಮ್ಮ ದೋಸೆ ಹಿಟ್ಟನ್ನು ಒಲೆಯ ಹತ್ತಿರ ಇಡುತ್ತಿದ್ದಳಲ್ಲ, ಹಾಗೆ. ಬಂದದ್ದು ಕಷಾಯ! ಬಾಯಿಗೆ ಬರೀ ಕಹಿ, ಮೂಗಿಗೆ ಕಳಿತ ಬಾಳೆಹಣ್ಣು, ಮರುದಿನ ತಲೆನೋವು. ಈಗ ಮನೆಯಲ್ಲಿ ಕ್ಯಾಸ್ಕೇಡ್, ಸೆಂಟೆನಿಯಲ್, ಮೊಸಾಯಿಕ್, ಫಗಲ್, ಮತ್ತೊಂದು ಸಿಟ್ರಾ, ಹೀಗೆ ಹಾಪ್ಸಿನ ಐದು ಪ್ಯಾಕೆಟ್ ಇವೆ. ಯಾವ ಹಾಪ್ಸ್, ಯಾವ ಯೀಸ್ಟ್ ಹಾಕಲಿ? ಐದನ್ನೂ ಸ್ವಲ್ಪ ಸ್ವಲ್ಪ ಹಾಕಿದರೆ ಹೇಗೆ?

ಉತ್ತರ: ಒಲೆಯ ಹತ್ತಿರದ ಮಾತು ಓದಿ ನಗು ಬಂತು ಮಾರಾಯ್ರೆ. ನಾನೂ ಪೆರ್ಲದ ಕಡೆಯವನು, ಅದೇ ದೋಸೆ ತಿಂದು ಬೆಳೆದವನು. ಬೆಂಗಳೂರಿನ ಬಿಯರ್ ಕಾರ್ಖಾನೆಯೊಂದರ ಲ್ಯಾಬಿಗೆ ಸೇರಿದ ಮೊದಲ ತಿಂಗಳೇ ನೀವು ಮಾಡಿದ್ದನ್ನೇ ಮಾಡಿದ್ದೆ. ಪರೀಕ್ಷೆಗೆಂದು ಕೊಟ್ಟ ಐದು ಲೀಟರನ್ನು ಶನಿವಾರ ಸಂಜೆ ಬಾಯ್ಲರ್ ಕೋಣೆಯ ಗೋಡೆಗೆ ತಾಗಿಸಿಟ್ಟು ಮನೆಗೆ ಹೋದೆ. ಸೋಮವಾರ ಮೇಲಿನವರು ಒಂದು ಗುಟುಕು ಬಾಯಿಗೆ ಹಾಕಿ ಸಿಂಕಿಗೆ ಉಗಿದು, "ಇದನ್ನು ಉಗುರಿಗೆ ಹಚ್ಚಬಹುದು" ಎಂದರು. ನೈಲ್ ಪಾಲಿಶ್ ವಾಸನೆ ಬರುತ್ತಿತ್ತು. ತಲೆನೋವಿನ ಬಗ್ಗೆ ನಾನು ಏನೂ ಹೇಳಲಾರೆ, ಎಷ್ಟು ಲೋಟ ಕುಡಿದಿರಿ ಎಂದು ನೀವು ಬರೆದಿಲ್ಲ.

ಮೊದಲು ಕಹಿಯ ಲೆಕ್ಕ ಮುಗಿಸೋಣ. ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಅದರ ಪಕಳೆಗಳ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಇರುತ್ತದೆ, ಬೇಕಾದ್ದೆಲ್ಲ ಅದರಲ್ಲೇ ಇರುವುದು. ಅದರಲ್ಲಿ ಕಹಿ ಕೊಡುವ ಆಲ್ಫಾ ಆಮ್ಲ ಇದೆ, ಪರಿಮಳ ಕೊಡುವ ಎಣ್ಣೆ ಇದೆ. ಆಲ್ಫಾ ಆಮ್ಲ ಸುಮ್ಮನೆ ನೀರಿಗೆ ಇಳಿಯುವುದಿಲ್ಲ, ಕುದಿಯುತ್ತ ಕುದಿಯುತ್ತ ರೂಪ ಬದಲಾಯಿಸಿಕೊಂಡು ಕರಗುತ್ತದೆ. ಎಣ್ಣೆ ಇದಕ್ಕೆ ತದ್ವಿರುದ್ಧ, ಕುದಿದಷ್ಟೂ ಹಬೆಯ ಜೊತೆ ಹೋಗುತ್ತದೆ. ಆದ್ದರಿಂದ ಅದೇ ಹಾಪ್ಸನ್ನು ಮೊದಲು ಹಾಕಿದರೆ ಕಹಿ, ಇಳಿಸುವಾಗ ಹಾಕಿದರೆ ಘಮ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಯಾವಾಗ ಹಾಕಬೇಕೆಂದು ನಿಮಗೆ ಗೊತ್ತುಂಟಲ್ಲ.

ಸಿಟ್ರಾದಲ್ಲಿ ಆಲ್ಫಾ ಆಮ್ಲ ಸುಮಾರು ಶೇ 12. ನಿಮ್ಮ 50 ಗ್ರಾಮಿನಲ್ಲಿ 6 ಗ್ರಾಂ, ಅಂದರೆ 6000 ಮಿಲಿಗ್ರಾಂ ಆಯಿತು. ಒಂದು ಗಂಟೆ ಕುದಿಸಿದರೆ ಅದರಲ್ಲಿ ಹೆಚ್ಚುಕಡಿಮೆ ಶೇ 23ರಷ್ಟು ಬಿಯರಿಗೆ ಇಳಿಯುತ್ತದೆ, ಎಂದರೆ 1380. ಅದನ್ನು 20 ಲೀಟರಿಗೆ ಹಂಚಿದರೆ ಲೀಟರಿಗೆ 69 ಮಿಲಿಗ್ರಾಂ. ಕಹಿಯನ್ನು ಅಳೆಯುವ ಐಬಿಯು ಎಂದರೆ ಇದೇ. ಪೇಲ್ ಏಲ್‌ಗೆ 30ರಿಂದ 50 ಸಾಕು. ಮಾಡ ಹೊರಟದ್ದು ಪೇಲ್ ಏಲ್, ಕಹಿ ಬಂದದ್ದು ಅದಕ್ಕಿಂತ ಹೆಚ್ಚು ಹಾಪ್ಸ್ ಹಾಕುವ ಐಪಿಎಯದ್ದು (ಇಂಡಿಯಾ ಪೇಲ್ ಏಲ್), ಆದರೆ ಐಪಿಎಗೆ ಇರಬೇಕಾದ ಘಮ ಮಾತ್ರ ಇಲ್ಲ. ಸಿಟ್ರಾ ಅಗ್ಗದ ಮಾಲಲ್ಲ. ಅದರ ಲಿಂಬೆ, ಮಾವು, ಲಿಚಿಯ ಪರಿಮಳಕ್ಕೆ ನೀವು ಕೊಟ್ಟ ದುಡ್ಡು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಲ್ಲಿ ಹೊರಗೆ ಹೋಯಿತು.

ಐದನ್ನೂ ಹಾಕುವುದು ಬೇಡ. ಐದು ಹಾಕಿ ಚೆನ್ನಾಗಿ ಬಂದರೆ ಯಾವುದರಿಂದ ಬಂತು, ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹೇಗೆ ಹೇಳುತ್ತೀರಿ? ಈ ಸಲ ಎರಡೇ ಸಾಕು, ಕಹಿಗೆ ಸೆಂಟೆನಿಯಲ್, ಘಮಕ್ಕೆ ಕ್ಯಾಸ್ಕೇಡ್. ಕ್ಯಾಸ್ಕೇಡ್ ಹಳೆಯದಾಯಿತು, ಅದನ್ನೇನು ಹಾಕುವುದು ಎನ್ನುವವರಿದ್ದಾರೆ. 1972ರಲ್ಲಿ ಅಮೆರಿಕದ ಓರೆಗನ್ನಿನಲ್ಲಿ ಹೊರಬಂದ ತಳಿ ಅದು, ನಿಮ್ಮ ಕಪಾಟಿನಲ್ಲಿರುವ ಫಗಲ್‌ನ ರಕ್ತವೇ ಅದರಲ್ಲಿದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದವರು ತಮ್ಮ ಪೇಲ್ ಏಲ್‌ಗೆ ಇದನ್ನೇ ಹಾಕಿದರು. ಅಮೆರಿಕನ್ ಪೇಲ್ ಏಲ್ ಎಂದರೆ ಚಕ್ಕೋತದ ಸಿಪ್ಪೆ ಸುಲಿದಂಥ ಒಂದು ವಾಸನೆ ಎಂದು ಜನರ ನಾಲಿಗೆಗೆ ಕಲಿಸಿದ್ದು ಆ ಬಿಯರು. ಮೊದಲು ಅದನ್ನು ಗುರುತು ಹಿಡಿಯಲು ಕಲಿಯಿರಿ, ಮೊಸಾಯಿಕ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ಹೀಗೆ ಮಾಡಿ: ಕುದಿ ಬಂದ ಮೇಲೆ ಸೆಂಟೆನಿಯಲ್ 20 ಗ್ರಾಂ, ಪೂರ್ತಿ ಒಂದು ಗಂಟೆ. ಇಳಿಸಲು ಹತ್ತು ನಿಮಿಷ ಇರುವಾಗ ಕ್ಯಾಸ್ಕೇಡ್ 30. ಉರಿ ಆರಿಸಿ 80 ಡಿಗ್ರಿಗೆ ಇಳಿದ ಮೇಲೆ ಮತ್ತೆ 30 ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡಿ. ಉಳಿದ 40 ಗ್ರಾಂ ಹುದುಗುವಿಕೆ ಮುಗಿಯುತ್ತ ಬಂದಾಗ ನೇರ ಬಕೆಟಿಗೆ, ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ. ನೂರು ಗ್ರಾಮಿನ ಪ್ಯಾಕೆಟ್ ಅಲ್ಲಿಗೆ ಖಾಲಿ. ಕಹಿ ಮೂವತ್ತರ ಮೇಲೆ ಎಲ್ಲೋ ನಿಲ್ಲುತ್ತದೆ. ಆಲ್ಫಾ ಆಮ್ಲ ಸೆಂಟೆನಿಯಲ್‌ನಲ್ಲಿ ಶೇ 10, ಕ್ಯಾಸ್ಕೇಡ್‌ನಲ್ಲಿ ಶೇ 6 ಎಂದು ಹಿಡಿದು ಹೇಳಿದ್ದು ಇದು. ಬೆಳೆಯಿಂದ ಬೆಳೆಗೆ ಅದು ಬದಲಾಗುತ್ತದೆ. ಪ್ಯಾಕೆಟಿನ ಮೇಲೆ ಛಾಪಿಸಿದ ಅಂಕಿ ನೋಡಿ ಮೇಲಿನ ಲೆಕ್ಕವನ್ನು ನೀವೇ ಹಾಕಿ.

ಒಂದು ವಿಷಯ ಬರೆದು ತಿಳಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಪ್ಯಾಕೆಟ್ ಒಡೆದ ಕೂಡಲೇ ಕೆಟಲ್ ಕಡೆ ಓಡಬೇಡಿ. ಹಾಪ್ಸ್ ಗುಳಿಗೆ ನೋಡಲಿಕ್ಕೆ ನಮ್ಮ ದನದ ಫೀಡಿನ ಹಾಗೆಯೇ ಇರುತ್ತದೆ, ಬಣ್ಣ ಮಾತ್ರ ಹಸುರು. ನಾಲ್ಕು ಗುಳಿಗೆ ಅಂಗೈಗೆ ಹಾಕಿ, ಎರಡೂ ಕೈ ಬಿಸಿಯಾಗುವಷ್ಟು ಉಜ್ಜಿ. ಗುಳಿಗೆ ಪುಡಿಯಾಗಿ, ಹಲಸಿನ ಮೇಣ ತಾಗಿದ ಹಾಗೆ ಬೆರಳು ಬೆರಳಿಗೆ ಅಂಟುತ್ತದೆ. ಆಗ ಮೂಗಿಗೆ ಹಿಡಿಯಿರಿ. ಮೊದಲು ಹುಲ್ಲು, ಆಮೇಲೆ ಕಿತ್ತಳೆ ಸಿಪ್ಪೆ, ಕೊನೆಗೆ ಸ್ವಲ್ಪ ಒಳ್ಳೆಮೆಣಸಿನಂಥ ಘಾಟು ಬಂದರೆ ಹಾಪ್ಸ್ ಜೀವಂತ ಇದೆ. ಹಳೆ ಚೀಸ್, ಬೆವರಿದ ಕಾಲುಚೀಲ ನೆನಪಾದರೆ ಗೊಬ್ಬರದ ಗುಂಡಿಗೆ ಹಾಕಿ. ಅಡಿಕೆಯನ್ನು ಹಳೆಯದಾಗಿಸಿ ಮಾರುವ ಊರಿನವರು ನಾವು, ಆದರೆ ಹಾಪ್ಸ್ ಹಳತಾದಷ್ಟೂ ನಷ್ಟ. ಗಾಳಿ ತೆಗೆದು ಫ್ರೀಜರಿನಲ್ಲೇ ಇಡಬೇಕು.

ಇನ್ನು ಯೀಸ್ಟ್. ಯುಎಸ್-05 ಹಾಕಿ, 11.5 ಗ್ರಾಮಿನ ಒಂದು ಪ್ಯಾಕೆಟ್ ನಿಮ್ಮ 20 ಲೀಟರಿಗೆ ಸಾಕು. ಅದು ತನ್ನದೆಂದು ಹೆಚ್ಚಿನ ವಾಸನೆ ಬಿಡುವುದಿಲ್ಲ, ಸಕ್ಕರೆಯನ್ನು ಚೆನ್ನಾಗಿ ತಿಂದು ಮುಗಿಸುತ್ತದೆ. ಹಾಪ್ಸ್ ಎದ್ದು ಕಾಣಬೇಕಾದರೆ ಅಂಥದ್ದೇ ಬೇಕು. ಎಸ್-04 ಇಂಗ್ಲಿಷ್ ಸ್ವಭಾವದ್ದು. ಬೇಗ ಮುಗಿಸಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಸ್ವಲ್ಪ ಹಣ್ಣಿನ ವಾಸನೆ, ಸ್ವಲ್ಪ ಸಿಹಿ ಉಳಿಸುತ್ತದೆ. ಸಕ್ಕರೆ ಎಷ್ಟಿದೆ ಎಂದು ತೋರಿಸುವ ಸಾಂದ್ರತೆ (ಬರೀ ನೀರಿಗೆ 1.000) 1.050ರಲ್ಲಿ ಶುರುವಾದರೆ ಯುಎಸ್-05 1.010ರ ಹತ್ತಿರ ನಿಲ್ಲುತ್ತದೆ, ಎಸ್-04 1.012 ಅಥವಾ 1.013ಕ್ಕೆ. ಆ ಯೀಸ್ಟನ್ನು ಬೈಯಬೇಡಿ, ಫಗಲ್ ಹಾಕಿ ಬಿಟರ್ ಎಂಬ ಇಂಗ್ಲಿಷ್ ಏಲ್ ಮಾಡುವ ದಿನ ಅದೇ ಬೇಕಾಗುತ್ತದೆ.

ಆದರೆ ನಿಮ್ಮ ಬಾಳೆಹಣ್ಣಿನ ವಾಸನೆಗೆ ಎಸ್-04 ಒಂದೇ ಕಾರಣವಲ್ಲ, ಹೀಟರೇ ಮುಖ್ಯ ಕಾರಣ. ದೋಸೆ ಹಿಟ್ಟಿಗೆ ನಮಗೆ ಉಬ್ಬಬೇಕು, ಹುಳಿ ಬರಬೇಕು, ಬೆಳಿಗ್ಗೆಯೊಳಗೆ ಆಗಬೇಕು. ಇಲ್ಲಿ ಅವಸರವೇ ಶತ್ರು. ಸೆಕೆಯಲ್ಲಿ ಯೀಸ್ಟ್ ಗಡಿಬಿಡಿಯಿಂದ ತಿನ್ನುತ್ತದೆ; ಆ ಗಡಿಬಿಡಿಯಲ್ಲಿ ಹಣ್ಣಿನ ವಾಸನೆ ಕೊಡುವ ಎಸ್ಟರ್ ಎಂಬ ವಸ್ತುಗಳು ಮತ್ತು ಘಾಟು ಆಲ್ಕೋಹಾಲುಗಳು ಹೆಚ್ಚಾಗುತ್ತವೆ. ಬಾಳೆಹಣ್ಣು, ನೈಲ್ ಪಾಲಿಶ್ ಎರಡೂ ಅಲ್ಲಿಂದಲೇ. ಸಾಲದ್ದಕ್ಕೆ ಹುದುಗುವ ಬಕೆಟು ತಾನೇ ಬಿಸಿಯಾಗುತ್ತದೆ, ಹೊರಗೆ 18 ಡಿಗ್ರಿ ಇದ್ದರೆ ಒಳಗೆ ಇಪ್ಪತ್ತು ದಾಟಿರುತ್ತದೆ. ಯೀಸ್ಟ್ ಹಾಕುವಾಗ 18 ಇರಲಿ, ಮೊದಲ ಮೂರು ದಿನ 20ರ ಮೇಲೆ ಹೋಗಲು ಬಿಡಬೇಡಿ. ರುಚಿಯ ತಕರಾರುಗಳು ಹೆಚ್ಚಾಗಿ ಹುಟ್ಟುವುದು ಆ ಮೂರು ದಿನದಲ್ಲೇ. ಲೀಡ್ಸ್‌ನ ಚಳಿಯಲ್ಲಿ ಹೀಟರಿಲ್ಲದ ಕೋಣೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಪ್ಸಿನ ಹೆಸರಿಗಿಂತ ಆ ಕೋಣೆ ಮುಖ್ಯ ಎಂದು ಬೇಕಾದರೆ ಬರೆದುಕೊಡುತ್ತೇನೆ.

ಬಿಸಿ ಜಾಗವೇ ಬೇಕೆಂದು ಹಟವಿದ್ದರೆ ವೊಸ್ ಕ್ವೇಕ್ ಎಂಬ ಯೀಸ್ಟ್ ಉಂಟು, ನಾರ್ವೆಯ ಹಳ್ಳಿಮನೆಗಳದ್ದು. 35ರಿಂದ 40 ಡಿಗ್ರಿಯಲ್ಲಿ ಸುಖವಾಗಿ ಕೆಲಸ ಮಾಡಿ ಕಿತ್ತಳೆಯ ವಾಸನೆ ಬಿಡುತ್ತದೆ. ಅಷ್ಟು ಚಳಿಯ ದೇಶದವರು ನಮ್ಮ ಏಪ್ರಿಲಿಗೆ ಹೇಳಿ ಮಾಡಿಸಿದಂಥ ಯೀಸ್ಟ್ ಸಾಕಿಕೊಂಡು ಬಂದದ್ದು ನನಗೆ ಇನ್ನೂ ಸೋಜಿಗ.

ಬಾಟಲಿಗೆ ತುಂಬುವ ಮೊದಲು ಸಾಂದ್ರತೆ ಮೂರು ದಿನ ಒಂದೇ ಕಡೆ ನಿಂತಿದೆಯೇ ನೋಡಿ. ನೊರೆ ಬರಲು ಲೀಟರಿಗೆ 6 ಗ್ರಾಂ ಸಕ್ಕರೆ, ಅಂದರೆ ಒಟ್ಟು 120. ಹೆಚ್ಚಾದರೆ ಬಾಟಲಿ ಒಡೆಯುತ್ತದೆ, ಇದು ತಮಾಷೆಯ ಮಾತಲ್ಲ. ಕಂದು ಬಾಟಲಿಯೇ ಇರಲಿ, ಬೆಳಕು ತಾಗಿದರೆ ಹಾಪ್ಸಿನ ಕಹಿ ಕೆಟ್ಟು ನಾತ ಬರುತ್ತದೆ.

ಪ್ರಶ್ನೆ: ನಿಮ್ಮ ಅಂಕಣ ಓದಿ ಆಸೆಯಾಗಿದೆ. ಕುಂಬಳೆಯಲ್ಲಿ ನಮ್ಮ ಮನೆಯ ಹಿಂದೆ ತಂಪಾದ ಕೋಣೆ ಇದೆ, ಹಾಪ್ಸ್ ಆನ್‌ಲೈನಿನಲ್ಲಿ ಸಿಗುತ್ತದೆ. ನಾನೂ ಮಾಡಬಹುದೇ?

ಉತ್ತರ: ಬೇಡ. ಕೇರಳದ ಅಬಕಾರಿ ಕಾಯಿದೆಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಹತ್ತು ವರ್ಷದವರೆಗೆ ಸೆರೆ, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಮನೆಯ ಖರ್ಚಿಗೆ ಮಾತ್ರ ಎಂದರೆ ಕೇಳುವವರಿಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕಾಯಿದೆಯ ಹೆಸರು ಬೇರೆ, ಉತ್ತರ ಇದೇ. ಹಾಪ್ಸಿನ ರುಚಿ ನೋಡುವ ಆಸೆಯಷ್ಟೇ ಆದರೆ ಒಂದು ದಾರಿ ಇದೆ. ಒಂದು ಲೀಟರ್ ನೀರು ಕುದಿಸಿ, 75 ಡಿಗ್ರಿಗೆ ಆರಿಸಿ, ಎರಡು ಗ್ರಾಂ ಕ್ಯಾಸ್ಕೇಡ್ ಹಾಕಿ ಕಾಲು ಗಂಟೆ ಬಿಡಿ. ಬಟ್ಟೆಯಲ್ಲಿ ಸೋಸಿ, ಅರ್ಧ ಲಿಂಬೆ ಹಿಂಡಿ ಫ್ರಿಜ್ಜಿನಲ್ಲಿಡಿ. ಆಲ್ಕೋಹಾಲ್ ಇಲ್ಲ, ಕಹಿ ಹೆಚ್ಚಿಲ್ಲ. ನಮ್ಮ ಮನೆಯಲ್ಲಿ ಬೇಸಗೆಯಲ್ಲಿ ಪುನರ್ಪುಳಿ ಮುಗಿದ ದಿನ ಇದೇ ನಡೆಯುತ್ತದೆ.

ಪ್ರಶ್ನೆ: ಮಂಜೇಶ್ವರದ ನಿವೃತ್ತ ಅಧ್ಯಾಪಕಿ ನಾನು. ಬಿಯರಿಗೆ ಇಷ್ಟೆಲ್ಲ ಆರಿಸಿ ಯೀಸ್ಟ್ ಹಾಕಬೇಕು. ಕಳ್ಳಿಗೆ ಯಾರೂ ಏನೂ ಹಾಕುವುದಿಲ್ಲವಲ್ಲ?

ಉತ್ತರ: ಅಕ್ಕ, ಹಾಕುವುದಿಲ್ಲ, ಅದಾಗಿ ಬಂದು ಬೀಳುತ್ತದೆ. ಹೊಂಬಾಳೆಯ ಮೇಲೆ, ಗಾಳಿಯಲ್ಲಿ, ಕಳ್ಳು ಇಳಿಸುವ ಮೂರ್ತೆದಾರರ ಹಳೆ ಮಡಕೆಯ ಒಳಗೋಡೆಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಸಿಹಿ ರಸ ತೊಟ್ಟಿಕ್ಕುತ್ತಿದ್ದ ಹಾಗೆ ಅಲ್ಲೇ ಮರದ ಮೇಲೆ ಕೆಲಸ ಶುರು. ಬಿಯರಿನ ಏಲ್ ಯೀಸ್ಟಿನ ಜಾತಿಯವೇ ಅದರಲ್ಲೂ ಇರುತ್ತವೆ, ಆದರೆ ಜೊತೆಗೆ ಬ್ಯಾಕ್ಟೀರಿಯಾದ ಸಂತೆಯೇ ಬರುತ್ತದೆ. ಅದಕ್ಕೇ ಬೆಳಿಗ್ಗೆ ಸಿಹಿ ಇದ್ದದ್ದು ಸಂಜೆಗೆ ಹುಳಿ, ಇನ್ನೂ ಬಿಟ್ಟರೆ ವಿನೆಗರ್. ಹಾಪ್ಸಿನ ಕಹಿ ಹುಳಿ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ, ಕಳ್ಳಿಗೆ ಆ ಕಾವಲು ಇಲ್ಲ. ಹಾಗೆಂದು ಕಾವಲಿಗೆ ಹಾಪ್ಸೇ ಆಗಬೇಕೆಂದಿಲ್ಲ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಕಲ್ಪರಸ ಇಳಿಸುವುದನ್ನು ಒಮ್ಮೆ ನೋಡಿ ಬನ್ನಿ. ಮಡಕೆಯ ಬದಲು ಐಸ್ ತುಂಬಿದ ಪುಟ್ಟ ಪೆಟ್ಟಿಗೆಯನ್ನು ಹೊಂಬಾಳೆಗೆ ಕಟ್ಟುತ್ತಾರೆ. ಅದೇ ತೆಂಗು, ಅದೇ ರಸ, ತಂಪಿನಲ್ಲಿ ಯೀಸ್ಟ್ ಏಳುವುದಿಲ್ಲ, ಜೇನಿನ ಬಣ್ಣದ ಸಿಹಿ ಪಾನೀಯವಾಗಿಯೇ ಉಳಿಯುತ್ತದೆ.

ಪ್ರಶ್ನೆ: ಹಾಪ್ಸ್ ಬಳ್ಳಿ ಎಂದಿರಲ್ಲ, ಮುಳ್ಳೇರಿಯದಲ್ಲಿ ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಜೊತೆ ಹಬ್ಬಿಸಬಹುದೇ? ಅಡಿಕೆಗೆ ಹಳದಿ ರೋಗ ಬಂದು ಸಾಕಾಗಿದೆ.

ಉತ್ತರ: ನಿಮ್ಮ ಕಷ್ಟ ಗೊತ್ತು ಭಾವ, ನನ್ನ ತೋಟದ ಕೆಳಗಿನ ಸಾಲಿಗೂ ಬಂದಿದೆ. ಆದರೆ ಹಾಪ್ಸ್ ಇಲ್ಲಿ ಆಗುವ ಬೆಳೆಯಲ್ಲ. ಅದಕ್ಕೆ ಬೇಸಗೆಯಲ್ಲಿ ಹದಿನೈದು ಗಂಟೆಯ ಹಗಲು ಬೇಕು, ಚಳಿಗಾಲದಲ್ಲಿ ನೆಲದಡಿ ಮಲಗಲು ನಿಜವಾದ ಚಳಿ ಬೇಕು. ನಮ್ಮಲ್ಲಿ ಉದ್ದ ಹಗಲೆಂದರೆ ಹದಿಮೂರು ಗಂಟೆ, ಅದೂ ಜೂನಿನ ಮಳೆಯಲ್ಲಿ. ಭಾರತದಲ್ಲಿ ಅದನ್ನು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಹತ್ತು ವರ್ಷದ ಹಿಂದೆ ಗೆಳೆಯರೊಬ್ಬರು ಬೇರಿನ ತುಂಡು ತಂದುಕೊಟ್ಟಿದ್ದರು, ಬಾವಿಕಟ್ಟೆಯ ಹತ್ತಿರ ನೆಟ್ಟೆ. ಆರು ಅಡಿ ಹಬ್ಬಿತು, ಒಂದು ಹೂವೂ ಬಿಡಲಿಲ್ಲ, ಆಟಿ ತಿಂಗಳ ಮಳೆಗೆ ಬುಡ ಕೊಳೆತು ಹೋಯಿತು. ಆ ಊರುಗೋಲಿಗೆ ಈಗ ಬಸಳೆ ಹಬ್ಬಿಸಿದ್ದೇನೆ.