ತಾತನ ಹೆಸರಲ್ಲಿ ಲೂಟಿ ಹೊಡೆದ ನೆಬ್ಯುಲಾ

ಪ್ರಶ್ನೆ: ಸಾರ್, ಮಾರ್ವೆಲ್ ಸಿನಿಮಾದಲ್ಲಿ ನೆಬ್ಯುಲಾ ಅನ್ನೋಳು ಮಹಾ ವಿಲನ್ ಥಾನೋಸ್‌ನ ಸಾಕುಮಗಳು. ನನ್ನ ಫ್ರೆಂಡು ಮಾತ್ರ ಕಾಮಿಕ್ಸಲ್ಲಿ ಅವ್ಳು ಮೊಮ್ಮಗಳು, ಅದೂ ಬಾಹ್ಯಾಕಾಶದ ಕಡಲ್ಗಳ್ಳಿ ಅಂತ ವಾದ ಮಾಡ್ತಾನೆ. ಯಾವ್ದು ನಿಜ?

ಉತ್ತರ: ನಿಮ್ ಫ್ರೆಂಡ್ ಹೇಳಿದ್ರಲ್ಲಿ ಕಡಲ್ಗಳ್ಳಿ ಅನ್ನೋದು ನಿಜ (ಆಕಾಶದಲ್ಲಿ ಕಡಲು ಎಲ್ಲಿಂದ ಬಂತು ಅಂತ ಇನ್ನೊಂದು ಪ್ರಶ್ನೆ ಕಳಿಸ್ಬೇಡಿ). ಮೊಮ್ಮಗಳು ಅನ್ನೋದು ಅವಳೇ ಹೇಳ್ಕೊಂಡು ಓಡಾಡಿದ್ದು. 1985ರಲ್ಲಿ ಅವೆಂಜರ್ಸ್ 257ನೇ ಸಂಚಿಕೇಲಿ ರೋಜರ್ ಸ್ಟರ್ನ್ ಕಥೆ, ಜಾನ್ ಬುಸೆಮಾ ಚಿತ್ರದಲ್ಲಿ ಅವ್ಳು ಮೊದಲ ಸಲ ಬಂದಾಗ ಥಾನೋಸ್ ಇರ್ಲೇ ಇಲ್ಲ, 1977ರಲ್ಲೇ ಅವನ ಕಥೆ ಮುಗಿಸಿಬಿಟ್ಟಿದ್ರು. ಸತ್ತೋನು ಎದ್ದು ಬಂದು ಇವಳ್ಯಾರು ಅಂತ ಕೇಳ್ತಾನಾ? ಆ ಧೈರ್ಯದ ಮೇಲೇನೇ ಅವನ ಹಡಗು ಸ್ಯಾಂಕ್ಚುಅರಿ ಟೂ ಹಿಡ್ಕೊಂಡು, ಬಾಡಿಗೆ ಗೂಂಡಾಗಳನ್ನ ಕಟ್ಕೊಂಡು ಹೊರಟ್ಲು, ಜ್ಯಾಂಡಾರ್ ಅನ್ನೋ ಲೋಕದ ಜನರನ್ನ ಸಾಯಿಸಿದ್ಲು, ಆಮೇಲೆ ಸ್ಕ್ರಲ್ ಅನ್ನೋ ರೂಪ ಬದಲಿಸೋ ಅನ್ಯಗ್ರಹದವರ ಸಾಮ್ರಾಜ್ಯದ ಮೇಲೆ ಕಣ್ಣು ಹಾಕಿದ್ಲು ಯಾಕಂದ್ರೆ ಅವರ ರಾಜಧಾನಿ ಗ್ರಹಾನ ಗ್ರಹಗಳನ್ನೇ ತಿನ್ನೋ ದೈತ್ಯ ಗ್ಯಾಲಕ್ಟಸ್ ಆಗ್ಲೇ ನುಂಗಿದ್ದ, ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ ಹಂಗೆ.

ಪ್ರಶ್ನೆ: ಹಂಗಾದ್ರೆ ಥಾನೋಸ್ ವಾಪಸ್ ಬಂದ್ಮೇಲೆ ಏನಾಯ್ತು?

ಉತ್ತರ: ಇದೇ ನನ್ನ ಫೇವರಿಟ್ ಭಾಗ. 1990ರಲ್ಲಿ ಕಥೆಗಾರ ಜಿಮ್ ಸ್ಟಾರ್ಲಿನ್ ಅವನನ್ನ ಬದುಕಿಸಿ ತಂದ್ರು. ಸಾವನ್ನೇ (ಕಾಮಿಕ್ಸಲ್ಲಿ ಸಾವು ಅಂದ್ರೆ ಒಬ್ಳು ಹೆಣ್ಣು) ಲವ್ ಮಾಡೋ ಆಸಾಮಿಗೆ ಮೊಮ್ಮಗಳು ಅಂದ್ರೆ ಮೈ ಉರಿಯದೇ ಇರುತ್ತಾ, ಹಡಗು ಕಿತ್ಕೊಂಡು ಅವಳನ್ನ ಅಲ್ಲೇ ಸುಟ್ಟು ಹಾಕಿದ. ಮರುವರ್ಷದ ಇನ್ಫಿನಿಟಿ ಗಾಂಟ್ಲೆಟ್ ಆರು ಸಂಚಿಕೆಯ ಕಥೆ, ಸರ್ವಶಕ್ತಿ ಕೊಡೋ ಗ್ಲೌಸ್ ಹಾಕ್ಕೊಂಡು ಥಾನೋಸ್ ಅರ್ಧ ವಿಶ್ವದ ಜೀವಿಗಳನ್ನ ಸಾಯಿಸ್ತಾನೆ, ಅದ್ರಲ್ಲಿ ನೆಬ್ಯುಲಾನ ನೋಡಿ: ಕರಕಲಾದ ಮೈ, ಬಾಯಲ್ಲಿ ಮಾತಿಲ್ಲ, ಸತ್ತೂ ಇಲ್ಲ ಬದುಕೂ ಇಲ್ಲ. ಅದನ್ನೇ ತನ್ನ ಕಲಾಕೃತಿ ಅನ್ನೋ ಥರ ಸಾವಿನ ಮುಂದೆ ನಿಲ್ಸಿ ತೋರಿಸ್ತಾನೆ ಪುಣ್ಯಾತ್ಮ. ಕಡೆಗೆ ಇಡೀ ವಿಶ್ವಾನೇ ತಾನಾಗಿಬಿಡೋ ಹುಚ್ಚಲ್ಲಿ ಮೈ ಬಿಟ್ಟು ಹೊರಗೆ ಹೋದಾಗ, ಮೂಲೇಲಿ ಬಿದ್ದಿದ್ದ ಆ ಕರಕಲು ಕೈ ಮೆಲ್ಲಗೆ ಚಾಚಿ ಗ್ಲೌಸ್ ಬಿಚ್ಕೊಳ್ಳುತ್ತೆ! ಅಷ್ಟು ಜನ ಸೂಪರ್‌ಹೀರೋಗಳು ಮೈಕೈ ಮುರ್ಕೊಂಡ್ರೂ ಆಗ್ದೇ ಇದ್ದಿದ್ದು ಯಾರೂ ಲೆಕ್ಕಕ್ಕೇ ಇಟ್ಕೊಳ್ದೆ ಇದ್ದೋಳಿಂದ ಆಯ್ತು. ಹಿಂದಿನ ಒಂದು ದಿನಾನೇ ಅಳಿಸಿ ಹಾಕಿದ್ಲು, ಅದ್ರಿಂದ ಸತ್ತಿದ್ದ ಅರ್ಧ ವಿಶ್ವ ಬದುಕ್ಕೊಳ್ತು, ಅವಳಿಗೂ ಹಳೇ ರೂಪ ಬಂತು. ಒಳ್ಳೇತನದಿಂದ ಮಾಡಿದ್ದಲ್ಲ ಬಿಡಿ. ಮುಂದೆ ಗ್ಲೌಸ್ ಹೀರೋ ಆಡಂ ವಾರ್ಲಾಕ್ ಪಾಲಾಯ್ತು.

ಪ್ರಶ್ನೆ: ಸಿನಿಮಾದಲ್ಲಿ ಬೋಳುತಲೆ ಯಾಕೆ? ಯಾವ ನೆಬ್ಯುಲಾ ನಿಮಗೆ ಇಷ್ಟ?

ಉತ್ತರ: ಹಳೇ ಕಾಮಿಕ್ಸಲ್ಲಿ ನೀಲಿ ಮೈಗೆ ಉದ್ದನೇ ಕೂದ್ಲಿತ್ತು, ಯಂತ್ರದ ಕೈಕಾಲು, ಬೋಳುತಲೆ ಎಲ್ಲ ಆಮೇಲಿಂದು. 2014ರ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಸಿನಿಮಾಗೆ ನೆಬ್ಯುಲಾ ಪಾತ್ರದ ನಟಿ ಕ್ಯಾರೆನ್ ಗಿಲನ್ ನಿಜವಾಗ್ಲೂ ತಲೆ ಬೋಳಿಸ್ಕೊಂಡ್ರು. ಸಿನಿಮಾದೋಳು ಅಪ್ಪ ಕೊಟ್ಟ ಹಿಂಸೆ ಹೊತ್ಕೊಂಡು ತಿರುಗ್ತಾಳೆ, ನೋಡಿದ್ರೆ ಅಯ್ಯೋ ಅನ್ಸುತ್ತೆ. ಆದ್ರೂ ನನ್ನ ವೋಟು ಆ ಹಳೇ ಸುಳ್ಳುಬುರುಕಿಗೇ. ಇಲ್ಲದ ತಾತನ್ನ ಹುಟ್ಟಿಸ್ಕೊಂಡು ಅರ್ಧ ಗ್ಯಾಲಕ್ಸಿ ನಡುಗಿಸೋಕೆ ಗುಂಡಿಗೆ ಬೇಕು ಕಣ್ರೀ, ಅಂಥೋಳಿಗೆ ಒಂದು ಸಿನಿಮಾ ಬಂದ್ರೆ ಮೊದಲ ಶೋಗೇ ಹೋಗ್ತೀನಿ.