‘ನೋಟೆಡ್ ಮೇಡಂ’ ಆದ ಮೇಲೆ?

ರಾಜಾಜಿನಗರದ ಮೇಡಂ, ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಆನ್‌ಲೈನಿನಲ್ಲಿ ಟ್ಯಾಲಿ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರು, ಕಲಿಸುತ್ತಿದ್ದೀರಿ, ನಲವತ್ತು ಜನ ಸೇರಿದ್ದಾರೆ, ಆದರೆ ಚರ್ಚೆಗೆ ಅಂತ ಕೊಟ್ಟ ಜಾಗದಲ್ಲಿ ‘ಗುಡ್ ಮಾರ್ನಿಂಗ್ ಮೇಡಂ’, ‘ನೋಟೆಡ್ ಮೇಡಂ’ ಬಿಟ್ಟರೆ ಏನೂ ಇಲ್ಲ. ಬರೆದವರಿಗೆ ಐದು ಅಂಕ ಕೊಡಲಾ ಅಂತ ಕೇಳಿದ್ದೀರಿ.

ಬೇಡ. ಅಂಕ ಇಟ್ಟರೆ ಬರೆಯುತ್ತಾರೆ, ನಿಜ. ಭಾನುವಾರ ರಾತ್ರಿ ಹನ್ನೊಂದಕ್ಕೆ, ಮೇಲಿನವರದ್ದು ನೋಡಿ ಇಳಿಸಿದ ಒಂದು ಸಾಲು.

ನಾನೂ ಹಿಂದೊಮ್ಮೆ ಇಂಥದ್ದೊಂದು ಕೋರ್ಸಿಗೆ ಸೇರಿದ್ದೆ. ಒಂದು ಡೌಟನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಅಳಿಸಿ, ಕೊನೆಗೂ ಹಾಕಿದೆ. ಒಂಬತ್ತು ದಿನ ಯಾರೂ ತುಟಿ ಬಿಚ್ಚಲಿಲ್ಲ. ಹತ್ತನೇ ದಿನ ಯಲಹಂಕದ ಒಬ್ಬರು ‘ನಂದೂ ಸೇಮ್ ಡೌಟು’ ಅಂತ ಬರೆದರು, ಅದೂ ಕನ್ನಡದಲ್ಲಿ. ಉತ್ತರ ಇಬ್ಬರಿಗೂ ಗೊತ್ತಿರಲಿಲ್ಲ, ಆದರೆ ನಾನು ಕೋರ್ಸು ಮುಗಿಸಿದ್ದು ಅವರಿಂದಲೇ.

ನಿಮ್ಮವರು ಸುಮ್ಮನಿರುವುದಕ್ಕೆ ಸೋಮಾರಿತನಕ್ಕಿಂತ ಇಂಗ್ಲಿಷಿನ ಭಯವೇ ಜಾಸ್ತಿ ಅಂತ ನನ್ನ ಗುಮಾನಿ. ಕ್ಲಾಸಲ್ಲಿ ತಪ್ಪು ಮಾತಾಡಿದರೆ ಅದು ಅಲ್ಲಿಗೇ ಹೋಗುತ್ತದೆ. ಬರೆದದ್ದು ಎಲ್ಲರ ಕಣ್ಣಿಗೆ ಬೀಳುತ್ತಾ ಅಲ್ಲೇ ಕೂತಿರುತ್ತದೆ, ಅಲ್ವಾ? ಕನ್ನಡದಲ್ಲಿ ಬರೆಯಿರಿ ಅಂತ ಹೇಳಿಬಿಡಿ. ಹೇಳುವುದಕ್ಕಿಂತ, ಮೊದಲು ನೀವೇ ಬರೆಯಿರಿ.

ಬ್ರಿಟನ್ನಿನ ಶಿಕ್ಷಣ ತಜ್ಞೆ ಗಿಲ್ಲಿ ಸ್ಯಾಮನ್ 2000ದಲ್ಲಿ ಆನ್‌ಲೈನ್ ಕಲಿಕೆಗೆ ಐದು ಮೆಟ್ಟಿಲು ಹೇಳಿದರು. ಒಳಗೆ ಬರುವುದು ಮೊದಲನೆಯದು, ಪರಿಚಯ ಎರಡನೆಯದು. ಪಾಠದ ವಿಷಯ ಹಂಚಿಕೊಳ್ಳುವುದು ಮೂರನೆಯದು. ನಾವು ಎರಡನೆಯದನ್ನು ಹಾರಿ ನೇರ ಮೂರಕ್ಕೆ ಕಾಲಿಡುತ್ತೇವೆ. ದರ್ಶಿನಿಯಲ್ಲಿ ಒಂದೇ ಟೇಬಲ್ಲಿಗೆ ನಿಂತ ಇಬ್ಬರು ಅಪರಿಚಿತರ ಮಾತು ‘ಚಟ್ನಿ ಇನ್ನೊಂದ್ಸಲ ಹಾಕ್ತಾರಾ?’ ಅಂತ ತಾನೇ ಶುರುವಾಗುವುದು?

ಹಾಗಾಗಿ ಮೊದಲ ವಾರ ಜಿಎಸ್‌ಟಿ ಕೇಳಬೇಡಿ. ‘ನಿಮ್ಮ ಮನೆಯಲ್ಲಿ ಎಂದೂ ತಾಳೆಯಾಗದ ಲೆಕ್ಕ ಯಾವುದು, ಹಾಲಿನದಾ, ಚೀಟಿ ದುಡ್ಡಿನದಾ?’ ಅಂತ ಕೇಳಿ. ಇದಕ್ಕೆ ಉತ್ತರ ಇಲ್ಲದವರು ಯಾರಿದ್ದಾರೆ! ನಲವತ್ತು ಜನರನ್ನು ಆರಾರು, ಏಳೇಳು ಜನರ ಗುಂಪು ಮಾಡಿ. ಗುಂಪು ಚಿಕ್ಕದಿದ್ದರೆ ಒಬ್ಬರು ಮಾತಾಡದಿದ್ದರೂ ಗೊತ್ತಾಗುತ್ತದೆ.

ಇನ್ನೊಂದು, ನಿಮಗೆ ಇದು ಕಷ್ಟವಾಗಬಹುದು: ಡೌಟು ಬಂದ ತಕ್ಷಣ ನೀವೇ ಉತ್ತರ ಕೊಡಬೇಡಿ. ‘ಹೊಸೂರಿನಿಂದ ಸರಕು ತರಿಸಿದರೆ ಐಜಿಎಸ್‌ಟಿನಾ?’ ಅಂತ ಒಬ್ಬರು ಕೇಳಿದರೆ ಸಂಜೆಯವರೆಗೆ ತಡೆಯಿರಿ. ತಮಿಳುನಾಡಿನ ಗಡಿ ದಾಟಿ ಬರುವ ಸರಕು, ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿಯೇ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳದಿದ್ದರೆ, ಹಿಂದೆ ಇದನ್ನು ಸರಿಯಾಗಿ ಮಾಡಿದವರನ್ನು ಹೆಸರು ಹಿಡಿದು ಕರೆಯಿರಿ. ಒಂಬತ್ತು ದಿನ ಮಾತ್ರ ಕಾಯಿಸಬೇಡಿ ಮಾರಾಯ್ರೇ.

ಹಾಲಿನ ಲೆಕ್ಕಕ್ಕೆ ಬಂದ ಉತ್ತರಗಳಲ್ಲಿ ಒಂದೆರಡು, ಬರೆದವರು ಒಪ್ಪಿದರೆ, ನಮಗೂ ಕಳಿಸಿ.

- ಸಂ.