ಬೇರಿಯಂ ಜಿರ್ಕೋನೇಟ್ ಪೆಲ್ಲೆಟ್‌ನಲ್ಲಿ ಪ್ರೋಟಾನ್ ವಾಹಕತೆ ಬರುತ್ತಿಲ್ಲ, ಯಿಟ್ರಿಯಂ ಬದಲು ಯಿಟರ್ಬಿಯಂ ಹಾಕಲಾ?

ಹಾಕಬೇಡಿ. ಬೇರಿಯಂ ಜಿರ್ಕೋನೇಟ್ ಅಂದರೆ ಪ್ರೋಟಾನ್ ಸಾಗಿಸುವ ಸೆರಾಮಿಕ್, ಅದಕ್ಕಾಗಿಯೇ ಅದರಲ್ಲಿ ಸ್ವಲ್ಪ ಜಿರ್ಕೋನಿಯಂ ಬದಲು ಯಿಟ್ರಿಯಂ ಸೇರಿಸುತ್ತಾರೆ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎಂಟು ತಿಂಗಳು ಕಳೆದಿದ್ದೇನೆ. ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯನ್ನು (ಪೆಲ್ಲೆಟ್) 1600 ಡಿಗ್ರಿಯಲ್ಲಿ ಸಿಂಟರ್ ಮಾಡಿದೆ, ಅಂದರೆ ಕರಗಿಸದೆ ಕಾಯಿಸಿ ಗಟ್ಟಿ ಮಾಡಿದೆ. ಪೆಲ್ಲೆಟ್ ಗಟ್ಟಿಯಾಗಿಯೇ ಬಂತು, ವಾಹಕತೆ ಮಾತ್ರ ಇಲ್ಲ. ಯಿಟ್ರಿಯಂ ಮೇಲೆ ಅನುಮಾನಪಟ್ಟು ಮೂರು ಸಲ ಪಾಕ ಬದಲಾಯಿಸಿದೆ.

ತಪ್ಪು ಇದ್ದದ್ದು ಕ್ರೂಸಿಬಲ್‌ನಲ್ಲಿ, ಅಂದರೆ ಕಾಯಿಸುವ ಪಾತ್ರೆಯಲ್ಲಿ. ಅದು ಅಲ್ಯುಮಿನಾದ್ದು (ಅಲ್ಯುಮಿನಿಯಂ ಆಕ್ಸೈಡ್), ಪೆಲ್ಲೆಟ್ಟನ್ನು ಅದರ ಮೇಲೆ ಹಾಗೇ ಇಟ್ಟಿದ್ದೆ. ಅಷ್ಟು ಬಿಸಿಗೆ ಬೇರಿಯಂ ಆವಿಯಾಗಿ ಹೋಗುತ್ತದೆ, ತಳದಲ್ಲಿರುವುದು ಅಲ್ಯುಮಿನಾ ಜೊತೆ ಸೇರಿ ಬೇರಿಯಂ ಅಲ್ಯುಮಿನೇಟ್ ಆಗುತ್ತದೆ. ಪ್ರತಿ ಸಲವೂ ಪೆಲ್ಲೆಟ್ ತಳಕ್ಕೆ ಅಂಟಿಕೊಂಡಿರುತ್ತಿತ್ತು. ಬ್ಲೇಡಿನಿಂದ ಎಬ್ಬಿಸಿ, ಎಮರಿ ಪೇಪರ್‌ನಲ್ಲಿ ಉಜ್ಜಿ, ಅಳತೆಗೆ ಇಡುತ್ತಿದ್ದೆ. ಆ ಅಂಟನ್ನು ಒಂದು ಸಲವಾದರೂ ನಿಂತು ನೋಡಬೇಕಿತ್ತು.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಬಿಟ್ಟು ಹರಳಿನ ರಚನೆ ನೋಡುವ ಪರೀಕ್ಷೆ) ಕಲಬೆರಕೆ ಕಾಣಲಿಲ್ಲ, ಅದನ್ನೇ ನಂಬಿದೆ. ಆದರೆ ಒಳಗೆ ಆಗಿದ್ದು ಬೇರೆ. ಯಿಟ್ರಿಯಂ ಜಿರ್ಕೋನಿಯಂ ಜಾಗದಲ್ಲಿ ಕೂತಾಗ ಆಕ್ಸಿಜನ್ ಜಾಗಗಳು ಖಾಲಿ ಬೀಳುತ್ತವೆ. ನೀರಿನ ಹಬೆ ಅಲ್ಲಿಗೆ ನುಗ್ಗಿದಾಗಲೇ ಪ್ರೋಟಾನ್ ಸಿಗೋದು. ಬೇರಿಯಂ ಕಡಿಮೆಯಾದರೆ ಸ್ವಲ್ಪ ಯಿಟ್ರಿಯಂ ಹೋಗಿ ಬೇರಿಯಂ ಜಾಗದಲ್ಲಿ ಕೂರುತ್ತದೆ. ಅಲ್ಲಿ ಕೂತರೆ ಕೆಲಸ ಉಲ್ಟಾ, ಇದ್ದ ಖಾಲಿ ಜಾಗವೂ ಕಡಿಮೆಯಾಗುತ್ತದೆ. ಸಿಂಟರ್‌ಗೆ ಮುಂಚಿನ ಪುಡಿಯ ಎಕ್ಸ್‌ಆರ್‌ಡಿ ಮೇಲೆ ಪೆಲ್ಲೆಟ್‌ನದನ್ನು ಇಟ್ಟು ನೋಡಿದ ದಿನ ಗೊತ್ತಾಯ್ತು: ಪೀಕ್‌ಗಳೆಲ್ಲ ಚೂರು ಬಲಕ್ಕೆ ಸರಿದಿದ್ದವು. ಅಂದರೆ ಹರಳಿನ ಜಾಲರಿ ಕುಗ್ಗಿತ್ತು. ನಾನು ಅಳೆಯುತ್ತಿದ್ದದ್ದು ನಾನು ತೂಗಿ ಹಾಕಿದ ವಸ್ತುವನ್ನೇ ಅಲ್ಲ.

ಯಿಟರ್ಬಿಯಂ ಹಾಕಿದರೂ ಬೇರಿಯಂ ಹಾಗೇ ಹಾರಿಹೋಗುತ್ತದೆ, ಅಲ್ವಾ? ಪೆಲ್ಲೆಟ್ಟನ್ನು ಅದನ್ನು ಮಾಡಿದ ಪುಡಿಯೊಳಗೇ ಪೂರ್ತಿ ಹೂತಿಡಿ. ಆ ಪುಡಿಗೆ ಬೇರಿಯಂ ಕಾರ್ಬೊನೇಟ್ ಸ್ವಲ್ಪ ಜಾಸ್ತಿ ಬೆರೆಸಿ, ಮುಚ್ಚಳ ಹಾಕಿ. ಶೇ. 1ರಷ್ಟು ನಿಕ್ಕಲ್ ಆಕ್ಸೈಡ್ ಸೇರಿಸಿದರೆ 1450 ಡಿಗ್ರಿಯ ಸುತ್ತಮುತ್ತಲೇ ಗಟ್ಟಿಯಾಗುತ್ತದೆ. ನಿಕ್ಕಲ್‌ನಿಂದ ವಾಹಕತೆ ಸ್ವಲ್ಪ ಕುಗ್ಗಬಹುದು, ಆದರೂ ಬೇರಿಯಂ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ. ಸೀರೇಟ್‌ಗೆ (ಜಿರ್ಕೋನಿಯಂ ಬದಲು ಸೀರಿಯಂ ಇರುವ ಬೇರಿಯಂ ಸೆರಾಮಿಕ್) ಹೋಗಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಸುಲಭವಾಗಿ ಗಟ್ಟಿಯಾಗುತ್ತದೆ ನಿಜ, ಆದರೆ ಕಾರ್ಬನ್ ಡೈಆಕ್ಸೈಡ್ ತಗುಲಿದರೆ ಬೇರಿಯಂ ಕಾರ್ಬೊನೇಟ್ ಆಗಿ ಒಡೆಯುತ್ತದೆ. ನಾನಂತೂ ಹೋಗಲ್ಲ.

ಹೂತಿಟ್ಟ ಮೊದಲ ಪೆಲ್ಲೆಟ್ ಅಂಟದೆ ಕೈಗೆ ಬಂತು. ಹಬೆ ಸೇರಿಸಿದ ಆರ್ಗಾನ್‌ನಲ್ಲಿ, 600 ಡಿಗ್ರಿಗೆ, ವಾಹಕತೆ ಹಳೇ ಪೆಲ್ಲೆಟ್‌ಗಳದ್ದರ ಹತ್ತುಪಟ್ಟಿಗಿಂತ ಜಾಸ್ತಿ ಇತ್ತು. ನಿಮ್ಮ ಹಳೇ ಪೆಲ್ಲೆಟ್ ಬಿಸಾಡಿಲ್ಲ ತಾನೆ? ಮೊದಲು ಅದನ್ನು ಮಗುಚಿ ತಳ ನೋಡಿ.